ನಾಲ್ಕನೆಯ ಸಾಲು

ನಮ್ಮ ಊರಿನಲ್ಲಿರುವುದು ಅರವತ್ತೆರಡು ಮನೆ, ಮೂರು ಪಂಗಡ. ಮೇಲಿನ ಬೀದಿಯಲ್ಲಿ ಗುಡ್ಡದವರು, ದಡದ ಬೀದಿಯಲ್ಲಿ ಹೊಳೆಯವರು, ಸಂತೆ ಬೀದಿಯಲ್ಲಿ ಗಾಡಿಯವರು. ಈ ಗಾಡಿಯವರು ಯಾವ ಕಾಲದಲ್ಲೋ ಗಾಡಿ ಕಟ್ಟಿಕೊಂಡು ಎಲ್ಲಿಗೋ ಹೊರಟವರು ಇಲ್ಲಿ ಗಾಲಿ ಮುರಿದು ಉಳಿದುಬಿಟ್ಟರಂತೆ. ಮನೆಯೊಳಗೆ ಮೂರು ಭಾಷೆ, ಬೀದಿಗೆ ಬಂದರೆ ಮೂರನ್ನೂ ಕಲಸಿದ ಒಂದು ಭಾಷೆ. ಹೆಣ್ಣು ಕೊಟ್ಟು ತರುವುದು ದೂರದ ಮಾತು, ಒಬ್ಬರ ಜಗಲಿಯ ಮೇಲೆ ಇನ್ನೊಬ್ಬರು ಕೂರುವುದೂ ಅಪರೂಪ. ಆದರೆ ಅರವತ್ತೆರಡು ಮನೆಯ ಕೊಳೆಬಟ್ಟೆಯೂ ಬೇಯುವುದು ನನ್ನ ಒಂದೇ ಹಂಡೆಯಲ್ಲಿ. ಗುಡ್ಡದ ಬಡಗಿಯ ಅಂಗಿಯ ತೋಳು ಗಾಡಿಯವರ ಬೇಕರಿಯಾಕೆಯ ಲಂಗವನ್ನು ಸುತ್ತಿಕೊಂಡು ಕುದಿಯುವುದನ್ನು ಅವರಿಬ್ಬರಿಗೂ ಒಮ್ಮೆ ತೋರಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವಳ ಗಂಡನಿಗೆ ಹೆದರಿ ಸುಮ್ಮನಿದ್ದೇನೆ.

ನಾನು ಊರಿನ ಬಟ್ಟೆ ಒಗೆಯುವವಳು. ನನ್ನ ಅಜ್ಜಿ ಒಗೆದಳು, ಅಮ್ಮ ಒಗೆದಳು, ಈಗ ನಾನು. ಎಲ್ಲರೂ ಕರೆಯುವುದು ಸೋಪಮ್ಮ ಎಂದು. ಮೂರು ಪಂಗಡದಲ್ಲಿ ಯಾವುದಕ್ಕೂ ನಾವು ಸೇರಿದವರಲ್ಲ, ಊರಿನ ಅಂಚಿನ ಒಗೆಮನೆಯೇ ನಮ್ಮ ಮನೆ. ನನಗೆ ಅಂತ ಇರುವುದು ಒಬ್ಬಳು ಮೊಮ್ಮಗಳು, ಆರು ವರ್ಷದ ಗುಬ್ಬಿ. ಅವಳನ್ನು ಹೆತ್ತು ನಲವತ್ತು ದಿನಕ್ಕೆ ನನ್ನ ಮಗಳು ಕಣ್ಣು ಮುಚ್ಚಿದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಕಾರಣ ಕೇಳಿದರೆ ಆ ಹುಡುಗಿಯನ್ನು ತೋರಿಸುವುದು ಬಿಟ್ಟು ನನಗೆ ಬೇರೆ ಉತ್ತರವಿಲ್ಲ.

ಒಂದೇ ಹಂಡೆಯಲ್ಲಿ ಬೆಂದ ಬಟ್ಟೆ ಅವರವರ ಮನೆಗೆ ಸರಿಯಾಗಿ ಹೋಗಬೇಕಲ್ಲ, ಅದಕ್ಕೆ ಗುರುತು. ಕಾಲರಿನ ಒಳಗೆ, ಅಂಚಿನ ಮಡಿಕೆಯಲ್ಲಿ ಕೆಂಪು ದಾರದ ನಾಲ್ಕೈದು ಹೊಲಿಗೆ. ಬಡಗಿಯ ಮನೆಗೆ ಒಂದು ಗೂಡಿನಂಥ ಗುರುತು, ಬೇಕರಿಗೆ ಮೂರು ಅಡ್ಡಗೆರೆ, ಹೀಗೆ ಮನೆಗೊಂದು. ಅವನ್ನೆಲ್ಲ ಸಾಲಾಗಿ ಹೊಲಿದಿಟ್ಟ ಒಂದು ಉದ್ದನೆಯ ಬಿಳಿ ಬಟ್ಟೆ ಒಗೆಮನೆಯ ಗೋಡೆಯ ಮೇಲಿದೆ. ನಾವು ಅದನ್ನು ಗುರುತುಪಟ್ಟಿ ಅನ್ನುತ್ತೇವೆ. ಓದು ಬಾರದ ನನ್ನ ಅಜ್ಜಿಗೆ ಅದೇ ಪುಸ್ತಕ, ಅದೇ ಕಾನೂನು. ಪಟ್ಟಿಯಲ್ಲಿ ಗುರುತು ಇದ್ದ ಮನೆಯ ಗಂಟನ್ನು ಯಾವ ಕಾರಣಕ್ಕೂ ವಾಪಸ್ಸು ಕಳಿಸುವಂತಿಲ್ಲ. ಜಗಳವಾಗಿರಲಿ, ಕಾಯಿಲೆಯಾಗಿರಲಿ, ಸಾವಾಗಿರಲಿ, ಸೋಮವಾರ ಬಂದ ಗಂಟು ಗುರುವಾರ ಅವರ ಬಾಗಿಲಲ್ಲಿರಬೇಕು. ಗುರುತು ಇಲ್ಲದವರ ಕರವಸ್ತ್ರವನ್ನೂ ಮುಟ್ಟುವಂತಿಲ್ಲ. ಹೊಸ ಸಂಸಾರ ಬಂದರೆ ಮೊದಲು ಪಟ್ಟಿಯಲ್ಲಿ ಹೊಲಿ, ಆಮೇಲೆ ಗಂಟು ಬಿಚ್ಚು. ನಮ್ಮ ಬಟ್ಟೆಗೆ ಮಾತ್ರ ಯಾವ ಗುರುತೂ ಇಲ್ಲ. ನಮ್ಮ ಮನೆಯಲ್ಲೇ ಬೇಯುವ ಬಟ್ಟೆ ಕಳೆದು ಎಲ್ಲಿಗೆ ಹೋದೀತು?

ಪಟ್ಟಿಯಲ್ಲಿ ಮೂರು ಪಂಗಡಕ್ಕೆ ಮೂರು ಸಾಲು. ಅದರ ಕೆಳಗೆ ನಾಲ್ಕನೆಯದೊಂದು ಇತ್ತು. ಇತ್ತು ಎಂದರೆ ದಾರವಿರಲಿಲ್ಲ, ಬರೀ ಸೂಜಿಯ ತೂತುಗಳು. ಯಾರೋ ಒಂದೊಂದೇ ಎಳೆ ಬಿಡದೆ ನಾಜೂಕಾಗಿ ಬಿಚ್ಚಿದ್ದರು. ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ. ಅಮ್ಮ ಕೈಯಲ್ಲಿದ್ದ ಒದ್ದೆ ಬಟ್ಟೆಯಲ್ಲೇ ನನ್ನ ಬೆನ್ನಿಗೆ ಒಂದು ಬಾರಿಸಿದಳು. ಆಮೇಲೆ ನಾನು ಕೇಳಲಿಲ್ಲ.

ಹೋದ ವರ್ಷ ಊರಿನ ಕಚೇರಿಗೆ ಹೊಸ ಸೆಕ್ರೆಟರಿ ಬಂದಳು. ಹೊರಗಿನ ಹುಡುಗಿ, ಒಳ್ಳೆಯವಳು, ಎರಡು ನಿಮಿಷ ಸುಮ್ಮನೆ ಕೂರಲಾರಳು. ಹಳೇ ಉಗ್ರಾಣವನ್ನು ಸುಣ್ಣ ಬಳಿಸಿ ಪರಂಪರೆಯ ಕೋಣೆ ಮಾಡುತ್ತೇನೆಂದು ಹೊರಟಳು. ಗುಡ್ಡದವರ ಮರ ಕೆತ್ತುವ ಬಾಚಿ, ಹೊಳೆಯವರ ಬಲೆಯ ಕಲ್ಲು, ಗಾಡಿಯವರ ಗಾಲಿ ಎಲ್ಲ ಬಂದವು. ಯಾರ ವಸ್ತು ಬಾಗಿಲಿನ ಹತ್ತಿರ ಇರಬೇಕು ಎಂಬುದಕ್ಕೆ ಮೂರು ದಿನ ರಗಳೆಯಾಗಿ ಕೊನೆಗೆ ಅವಳು ಬಾಗಿಲಿನ ಹತ್ತಿರ ಒಂದು ಖಾಲಿ ಬೆಂಚು ಹಾಕಿದಳು. ಆಮೇಲೆ ನನ್ನಲ್ಲಿಗೆ ಬಂದು ಗುರುತುಪಟ್ಟಿ ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಮೂರು ಪಂಗಡಾನೂ ಒಟ್ಟಿಗೆ ಇರೋ ವಸ್ತು ಇಡೀ ಊರಲ್ಲಿ ಇದೊಂದೇ ಸೋಪಮ್ಮ. ಗಾಜಿನ ಚೌಕಟ್ಟು ಹಾಕಿಸ್ತೀನಿ. ಈ ಕೆಳಗಿನ ಸಾಲು ಯಾರದು?"

"ಗೊತ್ತಿಲ್ಲ. ಅಜ್ಜಿ ಕಾಲದ್ದು."

"ತೂತು ಸ್ಪಷ್ಟವಾಗಿ ಕಾಣ್ತಿದೆ. ನಿಮ್ಮಂಥ ಕೈ ಇದ್ದೋರು ಮತ್ತೆ ಹೊಲೀಬಹುದಲ್ವಾ? ಅರ್ಧಂಬರ್ಧ ಯಾಕಿರಬೇಕು?"

ನನ್ನ ಕೈಯನ್ನು ಹೊಗಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಉಬ್ಬಿಹೋದೆ. ಅಜ್ಜಿಯ ಕಾನೂನು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು, ಆದರೆ ಅದು ಬದುಕಿರುವವರಿಗೆ ಎಂದುಕೊಂಡೆ. ಎರಡು ಮಧ್ಯಾಹ್ನ ಕೂತು ಹೊಲಿದೆ. ಹಳೇ ತೂತಿಗೆ ಸೂಜಿ ತಾನಾಗಿ ಹೋಗುತ್ತಿತ್ತು, ನಾನು ನೋಡುವ ಮೊದಲೇ ಮುಂದಿನ ತೂತು ಸಿಗುತ್ತಿತ್ತು. ಒಟ್ಟು ಹನ್ನೊಂದು ಗುರುತು. ಭಾನುವಾರ ಸಂಜೆಯೊಳಗೆ ಮುಗಿಯಿತು.

ಸೋಮವಾರ ಬೆಳಗ್ಗೆ ಒಗೆಮನೆಯ ಕಟ್ಟೆಯ ಮೇಲೆ ಎಪ್ಪತ್ತಮೂರು ಗಂಟುಗಳಿದ್ದವು.

ನಾನು ಮೂರು ಸಲ ಎಣಿಸಿದೆ. ಕಟ್ಟೆಯ ಕೊನೆಯಲ್ಲಿ ಹನ್ನೊಂದು ಬೂದು ಬಣ್ಣದ ಗಂಟು, ಒತ್ತಾಗಿ, ಉಳಿದವಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಟ್ಟು ಕೂತಿದ್ದವು. ಬಿಚ್ಚಿದೆ. ಗಂಡಸರ ಒರಟು ಅಂಗಿಗಳು, ಹೆಂಗಸರ ಲಂಗಗಳು, ಕೂಸಿನ ಬಟ್ಟೆ. ಹೊಲಿದ ರೀತಿ ನಾನೆಂದೂ ನೋಡಿದ್ದಲ್ಲ. ಪೆಟ್ಟಿಗೆಯಲ್ಲಿ ಕೊಳೆತ ಬಟ್ಟೆಯಾಗಿದ್ದರೆ ಯಾರೋ ತಮಾಷೆ ಮಾಡಿದ್ದಾರೆ ಅನ್ನಬಹುದಿತ್ತು. ಆದರೆ ಕಂಕುಳಲ್ಲಿ ಬೆವರು ಹಸಿಯಾಗಿತ್ತು. ಕೂಸಿನ ಬಟ್ಟೆಯ ಎದೆಯ ಮೇಲೆ ಹಾಲಿನ ಕಲೆ ಇನ್ನೂ ಒಣಗಿರಲಿಲ್ಲ. ಒಂದು ಅಂಗಿಯನ್ನು ಕೈಯಲ್ಲಿ ಹಿಡಿದಾಗ ಈಗಷ್ಟೇ ಯಾರೋ ಮೈಯಿಂದ ಕಳಚಿದಂತೆ ಬೆಚ್ಚಗಿತ್ತು. ಎಲ್ಲದರ ಒಳಗೂ ಗುರುತು, ನಾನು ಹೊಲಿದ ಹನ್ನೊಂದೇ. ಆದರೆ ದಾರ ನನ್ನದಲ್ಲ, ಹಳೆಯದು, ಮಾಸಿದ್ದು.

ಸ್ವಲ್ಪ ಹೊತ್ತು ಹಂಡೆಯ ಉರಿಯ ಮುಂದೆ ಕೂತೆ. ಗುಬ್ಬಿ ಬಂದು "ಅಜ್ಜಿ, ಇಷ್ಟೊಂದು ಬಟ್ಟೆಯಾ?" ಎಂದಳು. ಹೌದು ಎಂದೆ. ಇನ್ನೇನು ಹೇಳಲಿ? ಗುರುತು ಪಟ್ಟಿಯಲ್ಲಿತ್ತು, ಹೊಲಿದವಳು ನಾನೇ. ನೀರು ಕಾಯಿಸಿ ಎಲ್ಲವನ್ನೂ ಒಟ್ಟಿಗೇ ಹಾಕಿದೆ. ಆ ಬಟ್ಟೆಗಳಿಂದ ಎದ್ದ ಆವಿಗೆ ಹೊಗೆಯ, ಹಾಲಿನ ವಾಸನೆಯಿತ್ತು. ಕೆಟ್ಟ ವಾಸನೆಯಲ್ಲ, ಅದೇ ನನಗೆ ಹೆದರಿಕೆ ತಂದಿದ್ದು.

ಗುರುವಾರ ಎಲ್ಲಿಗೆ ಒಯ್ಯುವುದು? ಅದನ್ನೂ ಯೋಚಿಸಬೇಕಾಗಲಿಲ್ಲ. ಇಟ್ಟಿಗೆ ಗೂಡಿನ ಹಿಂದೆ ಒಂದು ಓಣಿಯಿದೆ. ಚಾವಣಿಯಿಲ್ಲದ ಗೋಡೆಗಳು, ಮುಳ್ಳು, ಹನ್ನೊಂದು ಜಗಲಿ. ಆಡು ಕೂಡ ಅಲ್ಲಿ ಮೇಯುವುದಿಲ್ಲ. ಯಾರನ್ನು ಕೇಳಿದರೂ "ಹಿಂದೆ ಯಾರೋ ಇದ್ರಂತೆ, ಹೊರಟುಹೋದ್ರಂತೆ" ಎಂದು ಮಾತು ಹಾರಿಸುತ್ತಾರೆ. ನಡು ಮಧ್ಯಾಹ್ನ ತಲೆಯ ಮೇಲೆ ಹೊತ್ತುಕೊಂಡು ಹೋದೆ. ಬಾಗಿಲ ಕಲ್ಲುಗಳ ಮೇಲೆ ಕೈಯಾಡಿಸಿದರೆ ಒಂದೊಂದರಲ್ಲೂ ಗುರುತು ಕೆತ್ತಿತ್ತು. ಯಾರದ್ದು ಯಾರಿಗೆ ಎಂದು ಇಟ್ಟುಕೊಂಡು ಬಂದೆ. ಓಣಿಯ ತಿರುವು ದಾಟಿರಲಿಲ್ಲ, ಬೆನ್ನ ಹಿಂದೆ ಬಟ್ಟೆ ಕೊಡವುವ ಸದ್ದು ಕೇಳಿತು. ಒಂದಲ್ಲ, ಹನ್ನೊಂದು ಜಗಲಿಯಿಂದಲೂ. ಒಗೆದು ತಂದ ಬಟ್ಟೆಯನ್ನು ಹೆಂಗಸರು ಬಿಡಿಸಿ ಕೊಡವಿ ನೋಡುತ್ತಾರಲ್ಲ, ಕಲೆ ಉಳಿದಿದೆಯೋ ಅಂತ, ಅದೇ ಸದ್ದು. ನಾನು ತಿರುಗಿ ನೋಡಲಿಲ್ಲ. ಓಡಲೂ ಇಲ್ಲ, ಓಡಿದರೆ ಒಗೆತ ಕೆಟ್ಟಿದೆ ಎಂದುಕೊಂಡಾರು.

ಹೀಗೆ ಮೂರು ವಾರ ನಡೆಯಿತು. ಎರಡನೆಯ ವಾರ ಒಂದು ಅಂಗಿಯ ಮೊಣಕೈ ಹರಿದಿದ್ದನ್ನು ನೋಡಿದೆ. ಮೂರನೆಯ ವಾರ ಅದಕ್ಕೆ ತೇಪೆ ಬಿದ್ದಿತ್ತು. ಒಗೆಯುವವಳಿಗೆ ಮನೆಯ ಗುಟ್ಟೆಲ್ಲ ತಿಳಿಯುತ್ತದೆ. ಯಾರ ಮನೆಯಲ್ಲಿ ಬಾಣಂತಿ, ಯಾರು ಕೆಮ್ಮುತ್ತಾರೆ, ಯಾವ ಮಗು ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆ. ಮೂರನೆಯ ವಾರಕ್ಕೆ ಆ ಓಣಿಯವರನ್ನು ನಾನು ಮೇಲಿನ ಬೀದಿಯವರಷ್ಟೇ ಚೆನ್ನಾಗಿ ಬಲ್ಲವಳಾಗಿದ್ದೆ. ಹೆದರಿಕೆ ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲೇ ಒಂದು ಥರದ ಬಳಕೆಯೂ ಬಂದು ಕೂತಿತ್ತು.

ಆ ವಾರವೇ ಸಂತೆ ಬೀದಿಯ ಎರಡು ಮಕ್ಕಳಿಗೆ ಜ್ವರ ಬಂತು. ಶುಕ್ರವಾರ ಗುಬ್ಬಿಯ ಮೈಯೂ ಸುಡತೊಡಗಿತು.

ಶನಿವಾರ ಬೆಳಗ್ಗೆ ಮೂವರು ಬಂದರು. ಗುಡ್ಡದವರ ಪರವಾಗಿ ಬಡಗಿ, ಹೊಳೆಯವರ ಪರವಾಗಿ ದೋಣಿಯವನು, ಗಾಡಿಯವರ ಪರವಾಗಿ ಬೇಕರಿಯಾಕೆ. ಬಾಗಿಲ ಹೊರಗೇ ನಿಂತರು. ಮೂರು ಪಂಗಡ ಹೀಗೆ ಹೆಗಲಿಗೆ ಹೆಗಲು ತಾಗಿಸಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

"ನಮ್ಮ ಬಟ್ಟೇಲಿ ಬೂದಿ ವಾಸನೆ ಬರ್ತಿದೆ," ಎಂದಳು ಬೇಕರಿಯಾಕೆ. "ನೀನು ಹಿಂದಿನ ಓಣಿಗೆ ಗಂಟು ಹೊತ್ಕೊಂಡು ಹೋಗೋದನ್ನ ನಮ್ಮೋರು ನೋಡಿದ್ದಾರೆ."

"ಪಟ್ಟಿಯಲ್ಲಿ ಗುರುತಿದೆ, ಗಂಟು ಬಂತು, ಒಗೆದೆ."

ಬಡಗಿ ಎಪ್ಪತ್ತು ದಾಟಿದವನು. ನೆಲ ನೋಡುತ್ತಲೇ ಮಾತಾಡಿದ. "ಆಗ ನಂಗೆ ಆರೋ ಏಳೋ. ಆ ಓಣಿಯವರಿಗೆ ಜ್ವರ ಬಂತು. ಇಡೀ ಊರಿಗೆ ಹಬ್ಬುತ್ತೆ ಅಂತ ಮೂರು ಕಡೆಯೋರೂ ಸೇರಿ ಮಾತಾಡ್ಕೊಂಡ್ರು. ಮೊದಲು ನಿಮ್ಮಜ್ಜಿ ಹತ್ರ ಬಂದು, ಅವ್ರ ಬಟ್ಟೆ ಮುಟ್ಟಬೇಡ ಅಂದ್ರು. ನಿಮ್ಮಜ್ಜಿ ಸಾಲು ಬಿಚ್ಚಿದಳು. ಆಮೇಲೆ ನಮ್ಮಪ್ಪ ಓಣಿಯ ಬಾಯಿಗೆ ಅಡ್ಡ ತೊಲೆ ಹೊಡೆದ, ಯಾರೂ ಹೊರಗೆ ಬರಬಾರದು ಅಂತ. ಮೊಳೆ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದು ನಾನೇ. ಹತ್ತು ದಿನ ಒಲೆ ಹೊಗೆ ಕಾಣ್ತಿತ್ತು. ಆಮೇಲೆ ಕಾಣ್ಲಿಲ್ಲ."

"ಹೊರಟುಹೋದ್ರು ಅಂತೀರಲ್ಲ ಎಲ್ಲರೂ."

"ತೊಲೆ ಹೊಡೆದ ಮೇಲೆ ಎಲ್ಲಿಗೆ ಹೋಗ್ತಾರೆ ಸೋಪಮ್ಮ?"

ಒಳಗೆ ಗುಬ್ಬಿ ನರಳುತ್ತಿದ್ದಳು.

"ಆ ಸಾಲು ಬಿಚ್ಚಿಬಿಡು," ಎಂದ ದೋಣಿಯವನು. "ನಿನ್ನ ಮೊಮ್ಮಗಳಿಗೂ ಒಳ್ಳೇದು, ನಮ್ಮ ಮಕ್ಕಳಿಗೂ ಒಳ್ಳೇದು."

ನನಗೆ ಸಿಟ್ಟು ನೆತ್ತಿಗೇರಿತು. ಅದು ಧರ್ಮವೋ ನ್ಯಾಯವೋ ಅಲ್ಲ, ನನ್ನ ಕೆಲಸದ ಸಿಟ್ಟು. ಬಡಗಿಯನ್ನೇ ಕೇಳಿದೆ. "ಅಲ್ಲಿ ಎಷ್ಟು ಮಕ್ಕಳಿದ್ರು?"

"ಯಾರು ಎಣಿಸಿದ್ರು?"

"ನಾನು ಎಣಿಸಿದ್ದೀನಿ. ಏಳು. ಒಂದು ಕೈಗೂಸು, ಇನ್ನೂ ಹಾಲು ಕಕ್ಕುತ್ತೆ. ಒಂದು ಹಾಸಿಗೇಲಿ ಉಚ್ಚೆ ಹುಯ್ಯುತ್ತೆ. ಒಂದಕ್ಕೆ ಮೊಣಕೈ ಹರ್ಕೊಳ್ಳೋ ಚಟ. ಗುರುತಿರೋ ಮನೆ ಬಟ್ಟೆ ನಾನು ವಾಪಸ್ ಕಳಿಸಲ್ಲ. ನೀವು ಬೇಕಾದ್ರೆ ನಿಮ್ಮ ಗಂಟು ವಾಪಸ್ ತಗೊಂಡು ಹೋಗಿ."

ಬಾಯಿ ತುಂಬಾ ಹೇಳಿ ಕಳಿಸಿದೆ. ಆಮೇಲೆ ಒಳಗೆ ಬಂದು ಗುಬ್ಬಿಯ ಹಣೆ ಮುಟ್ಟಿದಾಗ ಅಷ್ಟು ದೊಡ್ಡ ಮಾತು ಆಡಬಾರದಿತ್ತು ಅನ್ನಿಸಿತು.

ಮಧ್ಯಾಹ್ನ ಸುತ್ತಿಗೆಯ ಸದ್ದು ಕೇಳಿ ಹೊರಗೆ ಬಂದೆ. ಒಗೆಮನೆಗೆ ಬರುವ ದಾರಿಗೆ ಅಡ್ಡಲಾಗಿ ಬಡಗಿ ಒಂದು ತೊಲೆ ಹೊಡೆಯುತ್ತಿದ್ದ. "ಜ್ವರ ಇಳಿಯೋವರೆಗೂ ಅಷ್ಟೇ," ಎಂದ, ನನ್ನ ಮುಖ ನೋಡದೆ. ಚೌಕಟ್ಟು ಮಾಡಿಸಲು ಪಟ್ಟಣಕ್ಕೆ ಹೋದ ಸೆಕ್ರೆಟರಿ ಇನ್ನೂ ಬಂದಿರಲಿಲ್ಲ. ಮೊದಲ ದಿನ ಬೇಕರಿಯಾಕೆ ತೊಲೆಯ ಮೇಲೆ ಎರಡು ಬ್ರೆಡ್ಡು ಇಟ್ಟು ಹೋದಳು. ಎರಡನೆಯ ದಿನ ಏನೂ ಇರಲಿಲ್ಲ. ಆ ದಿನವೇ ನನಗೂ ಜ್ವರ ಬಂತು.

ಆಮೇಲಿನ ದಿನಗಳ ಲೆಕ್ಕ ನನಗೆ ತಪ್ಪಿಹೋಗಿದೆ. ಚಾಪೆಯ ಮೇಲೆ ನಾನು, ಪಕ್ಕದಲ್ಲಿ ಅವಳು. ಕಣ್ಣು ಬಿಟ್ಟರೆ ಕಿಟಕಿಯ ಬಿಸಿಲು ಒಂದೊಂದು ಸಲ ಒಂದೊಂದು ಗೋಡೆಯ ಮೇಲಿರುತ್ತಿತ್ತು. ಬಾಯಿ ಒಣಗಿರಬೇಕಾಗಿತ್ತು, ಒಣಗಿರಲಿಲ್ಲ. ಅದು ಯಾಕೆ ಎಂದು ಯೋಚಿಸುವ ತ್ರಾಣ ನನಗಿರಲಿಲ್ಲ. ಬೆವರಿನ ಬಟ್ಟೆಗಳನ್ನು ಬದಲಾಯಿಸಿ ಬಾಗಿಲ ಹತ್ತಿರ ಎಸೆದದ್ದು ಮಾತ್ರ ನೆನಪಿದೆ. ಊರಿನ ಬಟ್ಟೆಯನ್ನೆಲ್ಲ ಒಗೆದವಳ ಬಟ್ಟೆ ಹೊಸ್ತಿಲಲ್ಲಿ ರಾಶಿ ಬಿದ್ದಿದೆಯಲ್ಲ ಎಂದು ಅಳು ಬಂದಿತ್ತು.

ಒಂದು ಬೆಳಗ್ಗೆ ನೋಡುತ್ತೇನೆ, ರಾಶಿಯಿಲ್ಲ. ಅದೇ ಜಾಗದಲ್ಲಿ ಒಗೆದು ಮಡಿಸಿದ ಬಟ್ಟೆ. ಎಡಗಡೆ ನನ್ನದು, ಬಲಗಡೆ ಗುಬ್ಬಿಯದು. ತೋಳುಗಳನ್ನು ಎದೆಯ ಮೇಲೆ ಕಟ್ಟಿದಂತೆ ಮಡಿಸಿದ್ದರು, ಹಾಗೆ ಮಡಿಸುವವರು ನಮ್ಮೂರಿನಲ್ಲಿ ಯಾರೂ ಇಲ್ಲ. ತೆವಳಿಕೊಂಡು ಹೋಗಿ ಮೇಲಿನ ಫ್ರಾಕನ್ನು ಎತ್ತಿ ಕುತ್ತಿಗೆಯ ಒಳಗೆ ನೋಡಿದೆ. ಕೆಂಪು ದಾರ. ಒಂದು ದೊಡ್ಡ ಗೆರೆ, ಅದಕ್ಕೆ ಒರಗಿದಂತೆ ಒಂದು ಪುಟ್ಟ ಗೆರೆ. ನಾನು ಹೊಲಿದ ಹನ್ನೊಂದರಲ್ಲಿ ಅದಿರಲಿಲ್ಲ. ಎಲ್ಲ ಬಟ್ಟೆಯಲ್ಲೂ ಅದೇ. ಗುಬ್ಬಿ ಮೈಮೇಲೆ ತೊಟ್ಟಿದ್ದ ಅಂಗಿಯಲ್ಲೂ ಅದೇ.

ಹನ್ನೆರಡನೆಯ ಮನೆ. ನಮ್ಮನ್ನು ಅವರ ಸಾಲಿಗೆ ಸೇರಿಸಿಕೊಂಡಿದ್ದಾರೆ, ಸತ್ತವರ ಸಾಲಿಗೆ. ನನಗಾದರೆ ಅರವತ್ತು ಹತ್ತಿರ, ಹೋಗಲಿ. ಇವಳಿಗೆ ಆರು.

ಸೂಜಿ ತಗೊಂಡು ಕೂತೆ. ಕಣ್ಣು ಮಂಜಾಗುತ್ತಿತ್ತು, ಆದರೂ ಒಂದು ಎಳೆ ಉಳಿಸಲಿಲ್ಲ. ಗುಬ್ಬಿಯ ನಾಲ್ಕು ಫ್ರಾಕು, ಎರಡು ಲಂಗ, ಕೊನೆಗೆ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಮೈಮೇಲಿನ ಅಂಗಿ. ಆಗ ನೆಲದ ಮೇಲಿನ ಬಿಸಿಲಿನಲ್ಲಿ ಒಂದು ನೆರಳು ಬಿತ್ತು. ಬಾಗಿಲಲ್ಲಿ ಯಾರೋ ನಿಂತಿದ್ದರು. ತಲೆಯೆತ್ತಿ ನೋಡುವ ಧೈರ್ಯ ನನಗಾಗಲಿಲ್ಲ.

"ನನ್ನದನ್ನ ಬಿಚ್ಚಿಲ್ಲ," ಎಂದೆ ನೆರಳಿಗೆ. "ನನ್ನನ್ನ ಬೇಕಾದ್ರೆ ಇಟ್ಕೊಳ್ಳಿ. ಮಗು ಬೇಡ. ಹೋಗಿ."

ನೆರಳು ತುಂಬ ಹೊತ್ತು ಅಲ್ಲೇ ಇತ್ತು. ಆಮೇಲೆ ಹೋಯಿತು.

ಮಾರನೆಯ ಬೆಳಗ್ಗೆ ಗುಬ್ಬಿಯ ಜ್ವರ ಇಳಿಯಿತು. ಹಸಿವು ಎಂದು ಎದ್ದು ಕೂತಳು. ನಾನು ಗೆದ್ದೆ ಎಂದುಕೊಂಡೆ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಆ ಬೆಳಗ್ಗೆ ಗೋಡೆಗೆ ಒರಗಿ ಕೂತು ಒಬ್ಬಳೇ ನಕ್ಕೆ. ಎರಡು ದಿನದಲ್ಲಿ ನನ್ನದೂ ಇಳಿಯಿತು. ಸಂತೆ ಬೀದಿಯ ಮಕ್ಕಳೂ ಚೇತರಿಸಿಕೊಂಡರು. ಬಡಗಿ ಬಂದು ತೊಲೆ ಕಿತ್ತ. ಬೇಕರಿಯಾಕೆ ಬುಟ್ಟಿ ತುಂಬ ಬ್ರೆಡ್ಡು ತಂದಿಟ್ಟು, ಕಣ್ಣು ಕೆಳಗೆ ಹಾಕಿ, "ಏನೂ ಅಂದ್ಕೋಬೇಡ ಸೋಪಮ್ಮ, ಮಕ್ಕಳ ವಿಷಯ," ಎಂದಳು. ಏನೂ ಅಂದುಕೊಳ್ಳಲಿಲ್ಲ ಎಂದೆ. ಮಗುವಿಗಾಗಿ ಗುರುತು ಬಿಚ್ಚಿದ ನನಗೆ ಅವಳನ್ನು ಬಯ್ಯುವ ಬಾಯಿ ಆಗಲೇ ಇರಲಿಲ್ಲ. ಸೆಕ್ರೆಟರಿ ಬಂದು ಪಟ್ಟಿಯನ್ನು ಜೋಪಾನವಾಗಿ ಸುತ್ತಿಕೊಂಡು ಹೋದಳು. ನಾಲ್ಕನೆಯ ಸಾಲು ಬಿಚ್ಚು ಎಂದು ಈ ಸಲ ಯಾರೂ ಹೇಳಲಿಲ್ಲ.

ಸೋಮವಾರ ಕಟ್ಟೆಯ ಮೇಲೆ ಅರವತ್ತೆರಡು ಗಂಟುಗಳಿದ್ದವು. ಕೊನೆಯಲ್ಲಿ ಏನೂ ಇರಲಿಲ್ಲ. ದೊಡ್ಡದೊಂದು ಉಸಿರು ಬಿಟ್ಟೆ.

ಅವತ್ತು ಹಂಡೆ ಇಳಿಸಿ, ಗುಬ್ಬಿಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ.

"ಅಜ್ಜಿ, ಆ ಅತ್ತೆ ಯಾಕೆ ಬರ್ತಿಲ್ಲ?"

"ಯಾವ ಅತ್ತೆ?"

"ನಮಗೆ ಜ್ವರ ಬಂದಾಗ ಬರ್ತಿದ್ರಲ್ಲ. ನೀರು ಕುಡಿಸ್ತಿದ್ರು. ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ರು. ನಿಂಗೂ ಹಾಕ್ತಿದ್ರು. ನೀನು ಅವ್ರನ್ನ ಅಮ್ಮಾ ಅಂತಿದ್ದೆ."

"ಏನಾದ್ರೂ ಮಾತಾಡಿದ್ರಾ?"

"ಅವ್ರ ಮಾತು ಬೇರೆ. ಆದ್ರೂ ನಂಗೆ ಅರ್ಥ ಆಗ್ತಿತ್ತು. ಗುರುತಿರೋ ಮನೇನ ಬಿಟ್ಟು ಹೋಗೋ ಹಾಗಿಲ್ಲ, ನಿಮ್ಮನೆಗೆ ಗುರುತೇ ಇಲ್ವಲ್ಲ, ಇರು, ಹೊಲೀತೀನಿ ಅಂದ್ರು. ಅದಕ್ಕೇ ಹೊಲಿದ್ರು. ನಾಳೆ ಬೆಳಗ್ಗೆ ಜ್ವರ ಇಳಿಯುತ್ತೆ ಅಂತಾನೂ ಹೇಳಿದ್ರು. ಆಮೇಲೆ ನೀನು ಎದ್ದು ಕೂತ್ಕೊಂಡು ಎಲ್ಲ ಬಿಚ್ಚಿದೆ."

"ಆಮೇಲೆ?"

"ಬಾಗಿಲಲ್ಲಿ ನಿಂತು ನೋಡಿದ್ರು. ನಾವೇನು ತಪ್ಪು ಮಾಡಿದ್ವಿ ಅಂತ ಕೇಳಿದ್ರು ಅಜ್ಜಿ. ನೀನು ಹೋಗಿ ಅಂದೆ."

ಬಾಚಣಿಗೆ ಅವಳ ಕೂದಲಲ್ಲೇ ಉಳಿಯಿತು. ಒಳಗೆ ಹೋಗಿ ನನ್ನ ಲಂಗ, ಅಂಗಿ ಎಲ್ಲ ತೆಗೆದು ನೋಡಿದೆ. ನನ್ನದರಲ್ಲಿ ಗುರುತು ಇನ್ನೂ ಇತ್ತು, ದೊಡ್ಡ ಗೆರೆ, ಅದಕ್ಕೆ ಒರಗಿದ ಪುಟ್ಟ ಗೆರೆ. ಗುರುತಿದ್ದ ಮನೆಯನ್ನು ಅವರು ಬಿಡುವುದಿಲ್ಲ ಎಂದಿದ್ದರಲ್ಲ, ಆ ಒಂದು ಆಸೆಯಿಂದ ನನ್ನ ಕೊಳೆಬಟ್ಟೆಯನ್ನು ಗಂಟು ಕಟ್ಟಿ ಓಣಿಯ ಮೊದಲ ಜಗಲಿಯ ಮೇಲೆ ಇಟ್ಟು ಬಂದೆ. ತಪ್ಪಾಯ್ತು ಎಂದು ಗಟ್ಟಿಯಾಗಿಯೇ ಹೇಳಿದೆ, ಹನ್ನೊಂದು ಬಾಗಿಲಿಗೂ ಕೇಳುವಂತೆ.

ಗುರುವಾರ ಹೋಗಿ ನೋಡಿದೆ. ಗಂಟು ಇಟ್ಟಲ್ಲೇ ಇತ್ತು, ಯಾರೂ ಬಿಚ್ಚಿರಲಿಲ್ಲ.